ತಳಕು ಹಾಕಿದ್ದೋ, ಕಲಸಿಬಿಟ್ಟಿದ್ದೋ? ಬರೆಯುವವರಿಗೆ ಒಂದು ಕೈಪಿಡಿ

ಕೊಪ್ಪಳದಲ್ಲಿ ಸಂಜೆ ಹೊತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ನಾನು ಕನ್ನಡ ಹೇಳಿಕೊಡುತ್ತೇನೆ. ಪ್ರಬಂಧ, ಪತ್ರ, ಅನುವಾದ. ಒಂದು ದಿನ ಅನುವಾದಕ್ಕೆ ಕೊಟ್ಟ ಇಂಗ್ಲಿಷ್ ಪ್ಯಾರಾದಲ್ಲಿ 'ಕಾನ್‌ಫ್ಲೇಟ್' ಅನ್ನುವ ಪದ ಬಂತು. ಅನಕ್ಷರತೆಯನ್ನೂ ಅಜ್ಞಾನವನ್ನೂ ಕಾನ್‌ಫ್ಲೇಟ್ ಮಾಡಬಾರದು, ಅಂದರೆ ಬೇರೆ ಬೇರೆಯಾದ ಅವೆರಡನ್ನು ಒಂದೇ ಅಂದುಕೊಳ್ಳಬಾರದು ಅನ್ನುವುದು ಆ ವಾಕ್ಯದ ಸಾರ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ, ಇದಕ್ಕ ಕನ್ನಡದಾಗ ಏನಂತ ಬರಿಬೇಕ್ರಿ?" ಅಂದಳು. ಅವಳ ಹಾಳೆ ನೋಡಿದೆ. 'ವಿಲೀನಗೊಳಿಸಬಾರದು' ಎಂದು ಬರೆದು ಹೊಡೆದುಹಾಕಿದ್ದಳು. ಅದರ ಮೇಲೆ 'ಸಂಯೋಜಿಸಬಾರದು' ಎಂದು ಬರೆದು, ಅದನ್ನೂ ಹೊಡೆದುಹಾಕಿದ್ದಳು.

ಅವಳಿಗೆ ಅನುಮಾನ ಬಂದದ್ದು ಸರಿಯಾಗಿಯೇ ಇತ್ತು. ನಮ್ಮ ಕಡೆ 'ವಿಲೀನ' ಅಂದರೆ ಸೆಪ್ಟೆಂಬರ್ 17 ನೆನಪಾಗುತ್ತದೆ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 2019ರಲ್ಲಿ ಪ್ರಗತಿ ಕೃಷ್ಣಾ ಮತ್ತು ಕಾವೇರಿ ಗ್ರಾಮೀಣ ಬ್ಯಾಂಕುಗಳು ವಿಲೀನವಾಗಿ, ಬಳ್ಳಾರಿಯಲ್ಲಿ ಮುಖ್ಯ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಅಲ್ಲಿ ಎರಡು ಸೇರಿ ನಿಜವಾಗಿ ಒಂದಾದವು, ಕಾಗದಪತ್ರ ಸಮೇತ. ಅನಕ್ಷರತೆ ಮತ್ತು ಅಜ್ಞಾನ ಎಂದೂ ಒಂದಾಗಿಲ್ಲ. ಒಂದು ಅಂತ ಯಾರೋ ಅಂದುಕೊಂಡಿದ್ದಾರೆ, ಅಷ್ಟೆ.

ಆ ಹೊತ್ತಿಗೆ "ತಳಕು ಹಾಕಬಾರದು ಅಂತ ಬರಿ" ಎಂದು ಹೇಳಿ ಮುಂದಿನ ವಾಕ್ಯಕ್ಕೆ ಹೋದೆ. ಮನೆ ಮುಟ್ಟುವಷ್ಟರಲ್ಲಿ ಆ ಉತ್ತರ ಪೂರ್ತಿ ಸಾಲದು ಅನ್ನಿಸಿತು. ಬೇರೆ ಬೇರೆ ವಿಷಯಗಳನ್ನು ಕೂಡಿಸುವ ತಪ್ಪಿಗೆ ನಮ್ಮ ಭಾಷೆಯಲ್ಲಿ ಎರಡು ಮಾತಿವೆ. ಒಂದು ಕಟ್ಟುವ ತಪ್ಪು, ಇನ್ನೊಂದು ಕಲಸುವ ತಪ್ಪು. ಮರುದಿನ ಎರಡನ್ನೂ ಬಿಡಿಸಿ ಬೋರ್ಡಿನ ಮೇಲೆ ಬರೆದೆ. ಅದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಪರೀಕ್ಷೆ ಬರೆಯುವವರಿಗೆ, ಪಂಚಾಯಿತಿಗೆ ಅರ್ಜಿ ಬರೆಯುವವರಿಗೆ, ಪತ್ರಿಕೆಗೆ ಸುದ್ದಿ ಕಳಿಸುವವರಿಗೆ, ವಾಟ್ಸಾಪ್ ಗ್ರೂಪಿನಲ್ಲಿ ಉದ್ದದ ಮೆಸೇಜ್ ಹಾಕುವವರಿಗೂ ಇದು ಬೇಕಾಗುತ್ತದೆ.

ಮೊದಲ ಹೆಜ್ಜೆ: ಪದಗಳನ್ನು ಕಣ್ಣಿಂದ ನೋಡಿ

ಅರ್ಥಕೋಶ ಆಮೇಲೆ ತೆರೆಯಿರಿ. ಮೊದಲು ಹಂಪಿ, ಆನೆಗೊಂದಿ ಕಡೆ ಹೋದಾಗ, ಇಲ್ಲವೇ ನಿಮ್ಮೂರಿನ ಅರಳಿಕಟ್ಟೆಯಲ್ಲಿ, ಒಂದು ನಾಗರಕಲ್ಲಿನ ಮುಂದೆ ನಿಲ್ಲಿ. ಕೆಲವು ಕಲ್ಲುಗಳಲ್ಲಿ ಎರಡು ಹಾವು ಬಾಲದಿಂದ ಕುತ್ತಿಗೆವರೆಗೆ ಒಂದಕ್ಕೊಂದು ಸುತ್ತಿಕೊಂಡಿರುತ್ತವೆ. ಅರಿಶಿನ ಕುಂಕುಮ ಮೆತ್ತಿಕೊಂಡು ಗೆರೆ ಮಸುಕಾಗಿದ್ದರೂ ಒಂದು ಹಾವಿನ ಬಾಲದ ತುದಿಯಿಂದ ಕಣ್ಣು ಹಾಯಿಸುತ್ತಾ ಹೋಗಿ. ಎಡಕ್ಕೆ ಹೊರಳುತ್ತದೆ, ಇನ್ನೊಂದರ ಕೆಳಗೆ ನುಸುಳುತ್ತದೆ, ಬಲಕ್ಕೆ ಬರುತ್ತದೆ, ಮತ್ತೆ ಮೇಲೆ ಏರುತ್ತದೆ. ಕೊನೆಗೆ ಅದರದೇ ಹೆಡೆ ಸಿಗುತ್ತದೆ. ಹಾವು ಎರಡು, ಹೆಡೆಯೂ ಎರಡು. ಆದರೆ ಒಂದನ್ನು ಎಳೆದರೆ ಇನ್ನೊಂದು ಬರುವಂತೆ ಹೆಣೆದುಕೊಂಡಿವೆ. ಇದೇ ತಳಕು.

ಹಳಗನ್ನಡದಲ್ಲಿ 'ತಳ್ಕೈಸು' ಅಂದರೆ ಅಪ್ಪಿಕೊಳ್ಳು. ನಮ್ಮ 'ತಳಕು' ಅದರ ಹತ್ತಿರದ ನೆಂಟ. ಹೊಲದಲ್ಲಿ ಎರಡು ಹಾವು ಕೂಡಿದ್ದನ್ನು ಕಂಡವರು "ತಳಕು ಹಾಕ್ಕೊಂಡಿದ್ವು" ಎಂದೇ ಹೇಳುತ್ತಾರೆ. ಮಾತಿನಲ್ಲಿ ಬಳಸುವಾಗಲೂ ಇದೇ ಚಿತ್ರ ಕಣ್ಣ ಮುಂದೆ ಇರಲಿ. ತಳಕು ಹಾಕಿದಾಗ ಎರಡೂ ವಿಷಯ ಎರಡಾಗಿಯೇ ಕಾಣುತ್ತಿರುತ್ತವೆ. ತಪ್ಪು ಇರುವುದು ಕಟ್ಟಿದ್ದರಲ್ಲಿ.

ಇನ್ನು ಕಲಸುವುದು. ಜೋಳದ ರೊಟ್ಟಿ ಮಾಡುವವರ ಪಕ್ಕ ಕುಳಿತು ನೋಡಿ. ಎಸರು ಕುದಿಯುತ್ತದೆ. ಹಿಟ್ಟಿನ ನಡುವೆ ಗುಳಿ ಮಾಡಿ ಎಸರು ಹೊಯ್ಯುತ್ತಾರೆ. ಕೈ ಸುಡುತ್ತದೆ, ಹಾಗಾಗಿ ಮೊದಲು ಸೌಟಿನಿಂದ ಕಲಸಿ, ಸ್ವಲ್ಪ ಆರಿದ ಮೇಲೆ ಅಂಗೈಯಿಂದ ನಾದುತ್ತಾರೆ. ಆಮೇಲೆ ನೀರು ಯಾವುದು, ಹಿಟ್ಟು ಯಾವುದು? ಬೇರೆ ಮಾಡಿ ತೋರಿಸಲು ಆಗುವುದಿಲ್ಲ. ವಿಚಾರಗಳನ್ನು ಕಲಸಿದಾಗಲೂ ಹೀಗೇ. ಹೇಳುವವನಿಗೆ ಅಲ್ಲಿ ಎರಡು ಇವೆ ಅನ್ನುವುದೇ ಗೊತ್ತಾಗುತ್ತಿಲ್ಲ.

ಇಂಗ್ಲಿಷಿನ ಆ ಪದ ಈ ಎರಡನೆಯ ಚಿತ್ರಕ್ಕೆ ಹತ್ತಿರ. ಅದರ ಬೇರು ಲ್ಯಾಟಿನ್‌ನಲ್ಲಿದೆ. 'ಕೂಡಿಸಿ ಊದು' ಅನ್ನುವುದು ಮೂಲದ ಅರ್ಥ. ಕುಲುಮೆಯಲ್ಲಿ ತಿದಿ ಒತ್ತಿ ಊದಿದಾಗ ಎರಡು ಲೋಹ ಕರಗಿ ಒಂದೇ ರಸವಾಗುತ್ತದಲ್ಲ, ಹಾಗೆ. ಹಳೆಯ ಹಸ್ತಪ್ರತಿ ಓದುವ ವಿದ್ವಾಂಸರೂ ಈ ಪದ ಬಳಸುತ್ತಾರೆ. ನಕಲು ಮಾಡುವವನ ಮುಂದೆ ಎರಡು ಪ್ರತಿ ಇದ್ದು, ಎರಡರ ಪಾಠವೂ ಬೇರೆ ಇದ್ದು, ಅವನು ಎರಡನ್ನೂ ಸೇರಿಸಿ ಮೂರನೆಯ ಸಾಲು ಬರೆದರೆ ಅದಕ್ಕೂ ಇದೇ ಹೆಸರು.

ಎರಡನೆಯ ಹೆಜ್ಜೆ: ಅಕ್ಕಪಕ್ಕದ ಪದಗಳನ್ನು ದೂರ ಇಡಿ

ಬೆಳಿಗ್ಗೆ ಬಳ್ಳಾರಿಯ ಯಾವ ಹೋಟೆಲಿಗೆ ಹೋದರೂ ಮಂಡಕ್ಕಿ ಒಗ್ಗರಣೆ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಸಿಗುತ್ತದೆ. ನೆನೆಸಿ ಹಿಂಡಿದ ಮಂಡಕ್ಕಿ, ಈರುಳ್ಳಿ, ಪುಟಾಣಿ ಪುಡಿ ಎಲ್ಲ ಸೇರಿರುತ್ತವೆ. ಆದರೆ ಒಂದೊಂದೂ ಕಣ್ಣಿಗೂ ನಾಲಿಗೆಗೂ ಬೇರೆಯಾಗಿ ಸಿಗುತ್ತದೆ. ಇದು 'ಬೆರೆಸುವುದು'. ಇದರಲ್ಲಿ ತಪ್ಪು ಇಲ್ಲ. ಹಾಡಿನಲ್ಲಿ ಎರಡು ಶೈಲಿ ಬೆರೆಸಿದರು ಅಂದರೆ ಅದು ಹೊಗಳಿಕೆಯೂ ಆಗಬಹುದು.

'ಬೆಸೆಯುವುದು' ಇನ್ನೂ ಒಳ್ಳೆಯ ಮಾತು. ಕಿನ್ನಾಳದ ಕಲಾವಿದರು ಬೊಂಬೆಯ ಭಾಗಗಳನ್ನು ಬೇರೆ ಬೇರೆ ಕೆತ್ತಿ ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಸೇರಬೇಕಾದದ್ದು ಸೇರಿತು. ಹಾಗಾಗಿ ತಪ್ಪನ್ನು ಹೇಳಬೇಕಾದ ಕಡೆ 'ಬೆಸೆಯಬಾರದು' ಎಂದು ಬರೆದರೆ ಓದುವವರಿಗೆ ಮನಸ್ಸು ಮುರಿಯುವ ಮಾತು ಕೇಳಿದ ಹಾಗಾಗುತ್ತದೆ.

'ಸಮನ್ವಯ' ಅಂದರೆ ಬೇರೆ ಬೇರೆ ವಿಚಾರಗಳಿಗೆ ಹೊಂದಾಣಿಕೆ ಹುಡುಕುವುದು. 'ಕಲಸುಮೇಲೋಗರ' ಅಂದರೆ ಬರೀ ಗಜಿಬಿಜಿ. ಅದರಲ್ಲಿ ಯಾವ ಎರಡು ವಿಷಯ ಅನ್ನುವುದು ಮುಖ್ಯವಲ್ಲ. ಮೇಲೋಗರ ಅನ್ನುವುದು ನಮ್ಮ ಅಡುಗೆಮನೆಯ ಮಾತೂ ಅಲ್ಲ, ನಾವು ಪಲ್ಯ ಅನ್ನುವವರು. ಆದರೂ ಬರವಣಿಗೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.

'ಗಂಟು ಹಾಕು' ಮಾತ್ರ ತಳಕಿನ ಜೊತೆ ಸರಿಸಮ ನಿಲ್ಲುತ್ತದೆ. ಬಳ್ಳಾರಿ ಕಡೆ ತೆಲುಗು ಮಾತೂ ಕಿವಿಗೆ ಬೀಳುತ್ತಿರುತ್ತದೆ. ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕುವುದು ಅನ್ನುವ ತೆಲುಗಿನ ನುಡಿ ಅಲ್ಲಿಯ ಕನ್ನಡಕ್ಕೂ ಬಂದಿದೆ. ಗಂಟು ಹಾಕಲು ತಲೆಯಲ್ಲಿ ಕೂದಲೇ ಇಲ್ಲ, ಇದ್ದರೂ ಮೊಣಕಾಲು ಎಲ್ಲೋ ಇದೆ. ಸಂಬಂಧವೇ ಇಲ್ಲದ ಎರಡನ್ನು ಕಟ್ಟುವುದಕ್ಕೆ ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಮೂರನೆಯ ಹೆಜ್ಜೆ: ವಾಕ್ಯದಲ್ಲಿ ಕೂರಿಸುವುದು

ಬಹಳ ಜನ ತಪ್ಪುವುದು ಇಲ್ಲಿ. 'ತಳಕು ಹಾಕು' ಎರಡು ರೀತಿಯಲ್ಲಿ ಬರುತ್ತದೆ.

ಒಂದನ್ನು ಇನ್ನೊಂದರ ಜೊತೆ ತಳಕು ಹಾಕಬಹುದು. "ರೇಷನ್ ಕಾರ್ಡಿನ ವಿಷಯವನ್ನು ಮನೆ ಕರದ ಜೊತೆ ತಳಕು ಹಾಕಬೇಡಿ." ಇಲ್ಲವೇ ಎರಡಕ್ಕೂ 'ಕೂ' ಕೊಟ್ಟು ಹೇಳಬಹುದು. "ರೇಷನ್ ಕಾರ್ಡಿಗೂ ಮನೆ ಕರಕ್ಕೂ ತಳಕು ಹಾಕಬೇಡಿ." ಮೊದಲನೆಯದರಲ್ಲಿ ರೇಷನ್ ಕಾರ್ಡು ಮುಖ್ಯ ವಿಷಯ, ಕರ ಆಮೇಲೆ ಬಂದದ್ದು. ಎರಡನೆಯದರಲ್ಲಿ ಎರಡಕ್ಕೂ ಒಂದೇ ತೂಕ. ಅರ್ಜಿಯಲ್ಲಿ ಮೊದಲನೆಯ ರೀತಿಯೇ ಒಳ್ಳೆಯದು. ನಿಮ್ಮ ಕೆಲಸ ಯಾವುದು ಅನ್ನುವುದು ಓದುವ ಅಧಿಕಾರಿಗೆ ಕೂಡಲೇ ತಿಳಿಯುತ್ತದೆ.

ಇನ್ನೊಂದು ಬಹಳ ಮುಖ್ಯ. 'ಹಾಕು' ಬೇರೆ, 'ಹಾಕಿಕೊಳ್ಳು' ಬೇರೆ. "ನೀರಿನ ಸಮಸ್ಯೆಯನ್ನು ಚುನಾವಣೆಯ ಜೊತೆ ತಳಕು ಹಾಕಿದ್ದಾರೆ" ಅಂದರೆ ಯಾರೋ ಬೇಕಂತಲೇ ಕಟ್ಟಿದ್ದಾರೆ. ಅದರಲ್ಲಿ ದೂರು ಇದೆ. "ನೀರಿನ ಸಮಸ್ಯೆ ವಿದ್ಯುತ್ ಸಮಸ್ಯೆಯ ಜೊತೆ ತಳಕು ಹಾಕಿಕೊಂಡಿದೆ" ಅಂದರೆ ಯಾರ ಮೇಲೂ ದೂರಿಲ್ಲ. ಮೋಟಾರಿಗೆ ಕರೆಂಟ್ ಬೇಕು, ಕರೆಂಟ್ ಇಲ್ಲದಿದ್ದರೆ ಟ್ಯಾಂಕಿಗೆ ನೀರು ಏರುವುದಿಲ್ಲ, ಹಾಗಾಗಿ ಅವೆರಡೂ ನಿಜವಾಗಿ ಹೆಣೆದುಕೊಂಡಿವೆ. 'ಕೊಂಡು' ಅನ್ನುವ ಒಂದು ತುಣುಕು ಸೇರಿದರೆ ಆರೋಪ ಹೋಗಿ ವಿವರಣೆ ಆಗುತ್ತದೆ. ಸುದ್ದಿ ಬರೆಯುವವರು ಇದನ್ನು ಎರಡು ಸಲ ನೋಡಿಕೊಳ್ಳಬೇಕು.

'ಕಲಸು' ಸುಲಭ. ಎರಡಕ್ಕೂ 'ಅನ್ನೂ' ಹಚ್ಚಿ. "ಭಾಷೆಯನ್ನೂ ಲಿಪಿಯನ್ನೂ ಕಲಸಿಬಿಟ್ಟಿದ್ದಾರೆ." ಮಾತಿನಲ್ಲಿ, ಅಂಕಣದಲ್ಲಿ ಇದು ಚೆನ್ನಾಗಿ ಕೂರುತ್ತದೆ. ಪರೀಕ್ಷೆಯಲ್ಲಿ, ಕಚೇರಿ ಪತ್ರದಲ್ಲಿ ಸ್ವಲ್ಪ ಸಡಿಲ ಅನ್ನಿಸಬಹುದು. ಅಲ್ಲಿ "ಎರಡನ್ನೂ ಒಂದೇ ಎಂದು ಭಾವಿಸಿದ್ದಾರೆ" ಎಂದು ಬರೆಯಿರಿ.

ಕಾಗುಣಿತದ ಬಗ್ಗೆ ಒಂದು ಮಾತು. ತಳಕು, ತಳುಕು ಎರಡೂ ಅಚ್ಚಿನಲ್ಲಿ ಕಾಣುತ್ತವೆ. ಒಂದನ್ನು ಆರಿಸಿಕೊಂಡು ಕೊನೆಯವರೆಗೆ ಅದನ್ನೇ ಬರೆಯಿರಿ. ನಾನು 'ತಳಕು' ಬರೆಯುತ್ತೇನೆ. ಕಾರಣ, ಹೊಳಪಿನ ಅರ್ಥದ 'ಥಳುಕು ಬಳುಕು' ಬೇರೆ ಇದೆ. ಬಳ್ಳಾರಿಯಿಂದ ಚಳ್ಳಕೆರೆಗೆ ಹೋಗುವ ದಾರಿಯಲ್ಲಿ ತಳುಕು ಅನ್ನುವ ಊರೇ ಇದೆ, ಕಾದಂಬರಿಕಾರ ತ.ರಾ.ಸು. ಅವರ ಹೆಸರಿನ 'ತ' ಆ ಊರಿನದು.

ನಾಲ್ಕನೆಯ ಹೆಜ್ಜೆ: ಬರೆಯುವ ಮುಂಚೆ ಪರೀಕ್ಷೆ ಮಾಡಿ

ಎರಡು ವಿಷಯ ನಿಜವಾಗಿ ಬೇರೆಯೇ ಅನ್ನುವುದನ್ನು ಮೊದಲು ನೀವು ತಿಳಿದಿರಬೇಕು. ಇಲ್ಲದಿದ್ದರೆ ಬೇರೆಯವರ ಮೇಲೆ ಹೊರಿಸಿದ ತಪ್ಪು ನಿಮ್ಮದೇ ಆಗುತ್ತದೆ. ಅದಕ್ಕೆ ನಾನು ಹುಡುಗರಿಗೆ ಕೊಡುವ ಪ್ರಶ್ನೆ ಒಂದೇ: ಮೊದಲನೆಯದು ಇದ್ದು ಎರಡನೆಯದು ಇಲ್ಲದ ಒಂದಾದರೂ ಉದಾಹರಣೆ ಸಿಗುತ್ತದಾ?

ನಮ್ಮ ಜಿಲ್ಲೆಯ ನೀರಿನಿಂದಲೇ ಶುರು ಮಾಡೋಣ. "ನೀರು ತಿಳಿಯಾಗಿದೆ, ಕುಡಿಯಲು ಏನೂ ತೊಂದರೆ ಇಲ್ಲ" ಎಂದು ಬಹಳ ಜನ ಹೇಳುತ್ತಾರೆ. ತಿಳಿ ನೀರು ಇದ್ದೂ ಶುದ್ಧ ಅಲ್ಲದ ಉದಾಹರಣೆ ಇದೆಯಾ? ಇದೆ. ಕೊಪ್ಪಳ, ರಾಯಚೂರು ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಫ್ಲೋರೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಒಪ್ಪಬಹುದು. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬರುತ್ತದೆ, ಮುಂದೆ ಮೂಳೆ ಕೀಲು ಹಿಡಿದುಕೊಳ್ಳುತ್ತವೆ. ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುತ್ತದೆ, ಫ್ಲೋರೈಡ್ ಹಾಗೇ ಉಳಿಯುತ್ತದೆ. ಇಲ್ಲಿ ಸರಿಯಾದ ಮಾತು: "ತಿಳಿ ನೀರನ್ನೂ ಶುದ್ಧ ನೀರನ್ನೂ ಕಲಸಬೇಡಿ, ಪರೀಕ್ಷೆ ಮಾಡಿಸಿ." ತಳಕು ಅಲ್ಲ, ಕಲಸುವುದು. ಯಾಕೆಂದರೆ ಹೇಳುವವರಿಗೆ ಎರಡೂ ಒಂದೇ ಆಗಿ ಕಾಣುತ್ತಿವೆ.

ಇನ್ನೊಂದು ಉದಾಹರಣೆ ಪ್ರತಿ ಮಳೆಗಾಲದಲ್ಲಿ ಸಿಗುತ್ತದೆ. "ಟಿ.ಬಿ. ಡ್ಯಾಂನಲ್ಲಿ ಒಂದು ಲಕ್ಷ ಕ್ಯೂಸೆಕ್ ನೀರಿದೆ." ತುಂಗಭದ್ರಾ ಜಲಾಶಯದ ಬಗೆಗಿನ ಈ ವಾಕ್ಯ ನಾನು ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ಕ್ಯೂಸೆಕ್ ಅಂದರೆ ಹರಿವು, ಸೆಕೆಂಡಿಗೆ ಒಂದು ಘನ ಅಡಿ. ಟಿಎಂಸಿ ಅಂದರೆ ಸಂಗ್ರಹ, ನೂರು ಕೋಟಿ ಘನ ಅಡಿ. ನಲ್ಲಿಯಿಂದ ಬೀಳುವ ನೀರು ಬೇರೆ, ಕೊಡದಲ್ಲಿ ನಿಂತ ನೀರು ಬೇರೆ, ಅಲ್ವಾ? ಎರಡಕ್ಕೂ ಲೆಕ್ಕದ ನಂಟು ಇದೆ. ಒಂದು ದಿನದಲ್ಲಿ 86,400 ಸೆಕೆಂಡ್. ಸುಮಾರು 11,574 ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ ಆಗುತ್ತದೆ. ಒಂದು ಲಕ್ಷ ಕ್ಯೂಸೆಕ್ ದಿನವಿಡೀ ಬಂದರೆ ಎಂಟೂವರೆ ಟಿಎಂಸಿಗಿಂತ ಸ್ವಲ್ಪ ಜಾಸ್ತಿ. ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105 ಚಿಲ್ಲರೆಗೆ ಇಳಿದಿದೆ. ಹಾಗಾಗಿ "ಒಳಹರಿವು ಇಷ್ಟು ಕ್ಯೂಸೆಕ್, ಸಂಗ್ರಹ ಇಷ್ಟು ಟಿಎಂಸಿ" ಎಂದು ಎರಡು ಬೇರೆ ವಾಕ್ಯ ಬರೆಯಿರಿ. ಒಂದರಲ್ಲೇ ತುರುಕಲು ಹೋದಾಗಲೇ ಕಲಸಿಹೋಗುವುದು.

ಇದರಿಂದ ಜನ ಹೆದರಿದ್ದೂ ಉಂಟು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಹೊಳೆ ದಂಡೆಯ ಊರಿನ ನೆಂಟರು ನಸುಕಿನಲ್ಲೇ ಫೋನ್ ಮಾಡಿ, "ಡ್ಯಾಂ ಒಡೀತಂತ, ಹೌದೇನು?" ಎಂದು ಕೇಳಿದರು. ದನಕರು ಬಿಚ್ಚಿ ಎತ್ತರಕ್ಕೆ ಹೊಡೆಯಬೇಕೋ ಬೇಡವೋ ಅನ್ನುವುದು ಅವರ ಚಿಂತೆ. ಡ್ಯಾಂ ಒಡೆಯುವುದು ಬೇರೆ, ಗೇಟ್ ಹೋಗುವುದು ಬೇರೆ. ಅಣೆಕಟ್ಟೆ ಗಟ್ಟಿಯಾಗಿ ನಿಂತಿತ್ತು. ಸುಮಾರು ಒಂದು ವಾರದಲ್ಲಿ ಆ ಜಾಗಕ್ಕೆ ತಾತ್ಕಾಲಿಕ ತಡೆ ಕೂರಿಸಿದರು. ಎರಡೂ ಅಪಾಯವೇ, ನಿಜ. ಆದರೆ ಒಂದರಲ್ಲಿ ಊರು ಬಿಡಬೇಕು, ಇನ್ನೊಂದರಲ್ಲಿ ಹೊಳೆಗೆ ಇಳಿಯದೆ ಎಚ್ಚರವಾಗಿರಬೇಕು. ಒಂದೇ ಕ್ರಿಯಾಪದ ಬದಲಾದರೆ ಹಳ್ಳಿಯ ಇಡೀ ರಾತ್ರಿಯೇ ಬದಲಾಗುತ್ತದೆ.

ಚರಿತ್ರೆಯಲ್ಲಿ ಒಂದು ಸಣ್ಣದು ಹೇಳಿ ಮುಂದೆ ಹೋಗುತ್ತೇನೆ. ಕಲ್ಯಾಣ ಕರ್ನಾಟಕದಲ್ಲಿ ಬಳ್ಳಾರಿಯೂ ಇದೆ, ಹಾಗಾಗಿ 1948ರಲ್ಲಿ ಬಳ್ಳಾರಿಯೂ ನಿಜಾಮರ ಆಳ್ವಿಕೆಯಲ್ಲಿತ್ತು ಎಂದು ಮಕ್ಕಳು ಬರೆಯುತ್ತಾರೆ. ರಾಯಚೂರು, ಅದರೊಳಗೇ ಇದ್ದ ಕೊಪ್ಪಳ ನಿಜಾಮರ ಕಡೆ ಇದ್ದವು. ಬಳ್ಳಾರಿ 1800ರಿಂದ ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯ ಸೇರಿತು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371-ಜೆ ವಿಧಿ ಇಂದು ಕೊಡುವ ಸೌಲಭ್ಯದ ಗಡಿಯನ್ನೂ ಅಂದಿನ ಸಂಸ್ಥಾನದ ಗಡಿಯನ್ನೂ ಕಲಸಿದ್ದರಿಂದ ಬಂದ ತಪ್ಪು ಇದು.

ಆ ಹುಡುಗಿಯ ವಾಕ್ಯಕ್ಕೆ ಬರೋಣ

ಓದು ಬರದೆ ಇದ್ದೂ ತಿಳಿವಳಿಕೆ ಇರುವ ಒಬ್ಬರಾದರೂ ಸಿಗುತ್ತಾರಾ? ನನಗೆ ನಮ್ಮವ್ವ ಕಾಣುತ್ತಾಳೆ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಉತ್ತರಿ ಮಳೆ ಹೇಗೆ ಬಂತು, ಹಸ್ತ ಹೇಗೆ ಹಿಡಿಯಿತು ಅಂತ ನೋಡಿ, ಹೊಲದ ಮಣ್ಣು ಮುಷ್ಟಿಯಲ್ಲಿ ಹಿಡಿದು ಒತ್ತಿ, ಹಿಂಗಾರಿ ಜೋಳ ಬಿತ್ತಬೇಕೋ ಇನ್ನೆರಡು ದಿನ ಕಾಯಬೇಕೋ ಹೇಳುತ್ತಿದ್ದಳು. ಸಂಘದ 12 ಹೆಣ್ಣುಮಕ್ಕಳ ಕಂತಿನಲ್ಲಿ ಯಾರದು ಎಷ್ಟು ಬಾಕಿ ಅನ್ನುವುದು ಅವಳ ಬಾಯಲ್ಲೇ ಇತ್ತು.

ಒಂದು ಸಲ ಅವಳನ್ನು ದುಡ್ಡು ಬಿಡಿಸಲು ಕರೆದುಕೊಂಡು ಹೋಗಿದ್ದೆ. ಕೌಂಟರಿನವರು ಇಂಕ್ ಪ್ಯಾಡ್ ಮುಂದೆ ತಳ್ಳಿದರು. ಅವ್ವ ಎಡಗೈ ಹೆಬ್ಬೆಟ್ಟು ಒತ್ತಿದಳು. ಅಷ್ಟಕ್ಕೇ ಅವರ ದನಿ ಏರಿತು. ಕಿವಿ ಕೇಳದವರಿಗೆ ಹೇಳುವ ಹಾಗೆ ಒಂದೊಂದೇ ಪದ ಬಿಡಿಸಿ ಕೂಗಿ ಹೇಳಿದರು. ಆಮೇಲೆ ಪಕ್ಕದವರ ಕಡೆ ತಿರುಗಿ, "ಹೆಬ್ಬೆಟ್ಟು, ಏನೂ ತಿಳಿಯಂಗಿಲ್ಲ" ಅಂದರು. ಅವ್ವ ಸೆರಗಿಗೆ ಬೆರಳು ಒರೆಸಿಕೊಂಡು, ನೋಟು ಎಣಿಸಿ, ಸುಮ್ನೆ ಹೊರಗೆ ಬಂದಳು. ಆ ನೀಲಿ ಕಲೆ ಎರಡು ದಿನ ಹೋಗಲಿಲ್ಲ.

'ಹೆಬ್ಬೆಟ್ಟು' ಅನ್ನುವ ಬೈಗುಳದೊಳಗೇ ಈ ಕಲಸುವಿಕೆ ಇದೆ. ಸಹಿ ಮಾಡಲು ಬರುವುದಿಲ್ಲ ಅನ್ನುವುದು ಒಂದು ಸಂಗತಿ. ಬುದ್ಧಿ ಇಲ್ಲ ಅನ್ನುವುದು ಇನ್ನೊಂದು. ಒಂದೇ ಪದಕ್ಕೆ ಎರಡನ್ನೂ ತುಂಬಿದ್ದೇವೆ. ಹಾಗಾಗಿ ಆ ಹುಡುಗಿಗೆ ಮರುದಿನ ಬರೆಸಿದ ವಾಕ್ಯ ಹೀಗಿತ್ತು: "ಓದು ಬರಹ ಬಾರದಿರುವುದನ್ನೂ ತಿಳಿವಳಿಕೆ ಇಲ್ಲದಿರುವುದನ್ನೂ ಒಂದೇ ಎಂದು ಭಾವಿಸಬಾರದು." ತಳಕು ಇಲ್ಲಿ ಏಕೆ ಪೂರ್ತಿ ಸರಿಯಲ್ಲ ಅಂದರೆ, ಕೌಂಟರಿನವರು ಎರಡು ವಿಷಯವನ್ನು ಕಟ್ಟಲಿಲ್ಲ. ಅವರಿಗೆ ಕಂಡದ್ದೇ ಒಂದು.

ಅದೇ ಮನುಷ್ಯ, "ಇವರು ಓದಿಲ್ಲ, ಆದ್ದರಿಂದ ಸಾಲ ತೀರಿಸುವುದಿಲ್ಲ" ಅಂದಿದ್ದರೆ ಆಗ ತಳಕು. ಓದು ಬೇರೆ, ಸಾಲ ತೀರಿಸುವ ನಿಯತ್ತು ಬೇರೆ ಅನ್ನುವುದು ಅವರಿಗೂ ಗೊತ್ತಿರುತ್ತದೆ. ಗೊತ್ತಿದ್ದೂ ಕಟ್ಟಿದರು ಎಂದಾಗುತ್ತದೆ.

ಐದನೆಯ ಹೆಜ್ಜೆ: ಕೂಡಿಸುವುದು ಸರಿಯಾದ ಕಡೆ ಈ ಪದ ಬೇಡ

ಎರಡು ಹೆಸರು, ಎರಡು ಸಂಗತಿ ಕೂಡಿಸಿದ್ದೆಲ್ಲ ತಪ್ಪಲ್ಲ. ಇದಕ್ಕೆ ನಮ್ಮ ಮಸ್ಕಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ದೇಶದ ಎಷ್ಟೋ ಕಡೆ 'ದೇವಾನಂಪ್ರಿಯ', 'ಪ್ರಿಯದರ್ಶಿ' ಎಂದು ಹೇಳಿಕೊಂಡ ರಾಜನ ಶಾಸನಗಳಿದ್ದವು. ಆ ರಾಜ ಅಶೋಕನೇ ಇರಬೇಕು ಎಂದು ಲಂಕೆಯ ಪಾಲಿ ಗ್ರಂಥಗಳ ಆಧಾರದ ಮೇಲೆ ವಿದ್ವಾಂಸರು ಹೇಳಿದ್ದರು. ಆದರೆ ಕಲ್ಲಿನ ಮೇಲೆ 'ದೇವಾನಂಪ್ರಿಯ', 'ಅಶೋಕ' ಎರಡು ಹೆಸರೂ ಒಟ್ಟಿಗೆ ಸಿಕ್ಕಿರಲಿಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಒಂದು ಬಂಡೆಶಾಸನ ಬಿತ್ತು. ಅದರಲ್ಲಿ 'ದೇವಾನಂಪಿಯಸ ಅಸೋಕಸ' ಎಂದಿತ್ತು. ಎರಡು ಹೆಸರು, ಒಬ್ಬನೇ ಮನುಷ್ಯ.

ಇಲ್ಲಿ "ದೇವಾನಂಪ್ರಿಯನನ್ನು ಅಶೋಕನ ಜೊತೆ ತಳಕು ಹಾಕಿದರು" ಎಂದು ಬರೆದರೆ ಅನ್ಯಾಯವಾಗುತ್ತದೆ. ಅದು ಸುಳ್ಳು ಗಂಟು ಎಂದು ಹೇಳಿದ ಹಾಗೆ. "ಇಬ್ಬರೂ ಒಬ್ಬನೇ ಎಂದು ಖಚಿತವಾಯಿತು" ಎನ್ನಿ, "ಕೊಂಡಿ ಸಿಕ್ಕಿತು" ಎನ್ನಿ. ಆಧಾರ ಇದ್ದು ಕೂಡಿಸಿದರೆ ಅದು ಕೊಂಡಿ, ಆಧಾರ ಇಲ್ಲದೆ ಕಟ್ಟಿದರೆ ತಳಕು.

ಅದೇ ಶಾಸನದ ಬಗ್ಗೆ "ಬ್ರಾಹ್ಮಿ ಭಾಷೆಯಲ್ಲಿದೆ" ಎಂದು ಬರೆಯುವವರು ಇದ್ದಾರೆ. ಬ್ರಾಹ್ಮಿ ಲಿಪಿ, ಭಾಷೆ ಪ್ರಾಕೃತ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು ಶಾಸನಗಳದೂ ಇದೇ ಲಿಪಿ, ಇದೇ ಭಾಷೆ. ಬರೆದ ಅಕ್ಷರ ಬೇರೆ, ಆಡಿದ ಮಾತು ಬೇರೆ. ನೀವು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೆಸೇಜ್ ಕಳಿಸುತ್ತೀರಲ್ಲ, ಆಗ ಭಾಷೆ ಇಂಗ್ಲಿಷ್ ಆಗಿಬಿಡುವುದಿಲ್ಲ.

ಆರನೆಯ ಹೆಜ್ಜೆ: ಎದುರಿಗೆ ಹೇಳುವಾಗ

ಬರಹದಲ್ಲಿ ಸರಿ ಕೂರುವ ಮಾತು ಮನುಷ್ಯರ ಮುಖಕ್ಕೆ ಹೇಳುವಾಗ ಚುಚ್ಚಬಹುದು. "ನೀವು ತಳಕು ಹಾಕಾಕತ್ತೀರಿ" ಅಂದರೆ ಬೇಕಂತಲೇ ಮಾಡುತ್ತಿದ್ದೀರಿ ಅನ್ನುವ ಅರ್ಥ ಬರುತ್ತದೆ. ಗ್ರಾಮಸಭೆಯಲ್ಲಿ ಹಿರಿಯರೊಬ್ಬರು ಎದ್ದು, "ಕರ ತುಂಬದವರು ನೀರಿನ ಬಗ್ಗೆ ಮಾತಾಡಬ್ಯಾಡ್ರಿ" ಅಂದರು ಅಂತಿಟ್ಟುಕೊಳ್ಳಿ. ಅವರಿಗೆ ಎದುರು ನಿಂತು ತಳಕು ಅನ್ನಬೇಡಿ. "ಕಾಕಾರ, ಕರದ ಮಾತು ಖರೆ ಐತ್ರಿ. ಅದನ್ನ ಬ್ಯಾರೆ ಇಟ್ಟು ಮಾತಾಡೂಣ್ರಿ. ಮೊದಲ ಈ ನೀರಿಂದು ಮುಗಿಸೂಣಲ್ರಿ?" ಅಂದರೆ ಕೆಲಸ ಆಗುತ್ತದೆ. ಅವರ ಮಾತಿಗೂ ಒಂದು ಜಾಗ ಸಿಕ್ಕಿತು, ನಿಮ್ಮದಕ್ಕೂ ಸಿಕ್ಕಿತು.

ಕಲಸಿಕೊಂಡವರಿಗೆ ಇನ್ನೂ ಮೆತ್ತಗೆ ಹೇಳಬೇಕು. ಅವರಿಗೆ ಗೊತ್ತಿಲ್ಲದೆ ಆದದ್ದು. ತಪ್ಪು ತೋರಿಸುವುದಕ್ಕಿಂತ ಉದಾಹರಣೆ ಕೊಡಿ. "ಯಕ್ಕಾ, ನೀರು ತಿಳಿ ಐತಿ, ಹೌದು. ಆದ್ರ ನಿಮ್ಮ ಹುಡುಗನ ಹಲ್ಲು ನೋಡ್ರಿ" ಎಂದರೆ ಅವರೇ ಎರಡನ್ನೂ ಬೇರೆ ಮಾಡಿಕೊಳ್ಳುತ್ತಾರೆ.

ಅರ್ಜಿಯಲ್ಲಂತೂ ಒಂದು ಕಾಗದಕ್ಕೆ ಒಂದೇ ವಿಷಯ. ರಸ್ತೆ, ಚರಂಡಿ, ಪಿಂಚಣಿ ಮೂರನ್ನೂ ಒಂದರಲ್ಲೇ ಬರೆದರೆ ಮೂರು ಟೇಬಲ್ ಸುತ್ತಿ ಯಾರ ಹತ್ತಿರವೂ ನಿಲ್ಲುವುದಿಲ್ಲ. ಮೂರು ಅರ್ಜಿ ಬರೆಯಿರಿ, ಮೂರಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಅಭ್ಯಾಸಕ್ಕೆ ಮೂರು ವಾಕ್ಯ

"ಬಳ್ಳಾರಿಯಲ್ಲಿ ಬಿಸಿಲು ಜಾಸ್ತಿ, ಹಾಗಾಗಿ ಅಲ್ಲಿಯ ಜನರಿಗೆ ಸಿಟ್ಟೂ ಜಾಸ್ತಿ." ಬಿಸಿಲು, ಸಿಟ್ಟು ಎರಡೂ ಬೇರೆಯಾಗಿಯೇ ಕಾಣುತ್ತಿವೆ, ಆಧಾರ ಇಲ್ಲದೆ ಕಟ್ಟಿದ್ದಾರೆ. ಇದು ತಳಕು.

"ಹುಡುಗ ಪಟಪಟ ಇಂಗ್ಲಿಷ್ ಮಾತಾಡುತ್ತಾನೆ, ಬಹಳ ಜಾಣ." ಭಾಷೆಯನ್ನೂ ಜಾಣತನವನ್ನೂ ಕಲಸಿದ್ದಾರೆ. ಹೆಬ್ಬೆಟ್ಟಿನ ಕಥೆಯನ್ನೇ ತಿರುಗಿಸಿದ್ದು ಇದು.

"ಡ್ಯಾಂ ತುಂಬಿದೆ, ಈ ಸಲ ಕಾಲುವೆಯ ಕೊನೆಭಾಗಕ್ಕೂ ನೀರು ಬಂದೇ ಬರುತ್ತದೆ." ಇದರ ಮೇಲೆ ತರಗತಿಯಲ್ಲಿ ಒಂದು ತಾಸು ಚರ್ಚೆ ಆಯಿತು. ಮಾನ್ವಿ, ಸಿರವಾರ ಕಡೆಯ ಹುಡುಗರು "ತುಂಬಿದ ವರ್ಷಾನೂ ನಮ್ಮ ಹೊಲಕ್ಕ ಬಂದಿಲ್ರಿ ಸರ" ಅಂದರು. ಡ್ಯಾಂ ತುಂಬುವುದಕ್ಕೂ ಕಾಲುವೆಗೆ ನೀರು ಬರುವುದಕ್ಕೂ ನಿಜವಾದ ಸಂಬಂಧ ಇದೆ, ಹಾಗಾಗಿ ತಳಕು ಅನ್ನುವ ಹಾಗಿಲ್ಲ. ಎರಡೂ ಒಂದೇ ಎಂದು ಯಾರೂ ಅಂದುಕೊಂಡಿಲ್ಲ, ಹಾಗಾಗಿ ಕಲಸಿದ್ದೂ ಅಲ್ಲ. ಒಂದು ಕಾರಣ ಇದೆ, ಅದೊಂದೇ ಸಾಲದು. ನಡುವೆ ಮೇಲ್ಭಾಗದವರು ಎಷ್ಟು ಎತ್ತಿದರು, ಗೇಜ್, ಅಂದರೆ ಕಾಲುವೆಯ ನೀರಿನ ಮಟ್ಟ, ಎಷ್ಟು ನಿಂತಿತು ಅನ್ನುವುದೆಲ್ಲ ಇದೆ. ಮಾನ್ವಿಯ ಹುಡುಗನೇ ಬೋರ್ಡಿಗೆ ಬಂದು ತಿದ್ದಿ ಬರೆದ: "ಡ್ಯಾಂ ತುಂಬಿದೆ. ಕೊನೆಭಾಗಕ್ಕೆ ನೀರು ಬರುತ್ತದೋ ಇಲ್ಲವೋ ಅನ್ನುವುದನ್ನು ಕಾಲುವೆಯ ಗೇಜ್ ನೋಡಿ ಹೇಳಬೇಕು."